ಸಿಸ್ಟರ್ ಮಾಡಲಾಗದೆ ಉಳಿದ ಕೆಲಸ ಯಾರ ಲೆಕ್ಕದಲ್ಲಿದೆ?

ರಾತ್ರಿ ಎರಡು ಗಂಟೆಗೆ ತಾತನನ್ನು ಮಗ್ಗುಲು ತಿರುಗಿಸಬೇಕಿತ್ತು. ಕರೆಯಲು ಹೋದರೆ ಸಿಸ್ಟರ್ ಇನ್ನೊಬ್ಬರಿಗೆ ಡ್ರಿಪ್ ಹಾಕುತ್ತಿದ್ದರು. "ನೀವೇ ಸ್ವಲ್ಪ ತಿರುಗಿಸಿ ಸಾರ್, ಎರಡು ವಾರ್ಡಿಗೂ ನಾನೊಬ್ಬಳೇ ಇರೋದು" ಅಂದರು. ನನಗೆ ಹೇಗೆ ತಿರುಗಿಸಬೇಕೆಂದೇ ಗೊತ್ತಿರಲಿಲ್ಲ. ನಾಲ್ಕನೇ ದಿನ ಸೊಂಟದ ಕೆಳಗೆ ಚರ್ಮ ಕೆಂಪಾಯಿತು, ಆರನೇ ದಿನ ಹುಣ್ಣಾಯಿತು. ಡಿಸ್ಚಾರ್ಜ್ ದಿನ ಕೇಸ್‌ಶೀಟ್ ನೋಡಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಒಂದೇ ಪೆನ್ನಿನಲ್ಲಿ ಸಾಲಾಗಿ ಟಿಕ್ ಬಿದ್ದಿತ್ತು.

ಆಸ್ಪತ್ರೆಯ ಹೆಸರು ಬೇಡ. ಆ ಸಿಸ್ಟರ್ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ಆ ಟಿಕ್ ಮಾತ್ರ ಇವತ್ತಿಗೂ ಸಿಟ್ಟು ಬರಿಸುತ್ತದೆ.

ತಾತ ಚಾಂಪಿಯನ್ ರೀಫ್ಸ್ ಗಣಿಗೆ ಇಳಿದವರು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ಗಣಿ ಅದು. ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ ಎಂಬ ಲೆಕ್ಕ ಅಲ್ಲಿ ಪಕ್ಕಾ ಇರುತ್ತಿತ್ತು. ಕಾರ್ಮಿಕರ ಎದೆಯ ಲೆಕ್ಕ ಮಾತ್ರ ತಡವಾಗಿ ಬಂತು. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಎಣಿಸುವ ತನಕ ಅದು ಬರೀ ಕೆಮ್ಮು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಬಿಜಿಎಂಎಲ್ ಆಸ್ಪತ್ರೆಯೂ ಬಾಗಿಲು ಹಾಕಿತು. 2021ರ ಮೇ ತಿಂಗಳಲ್ಲಿ ಕೋವಿಡ್‌ಗೆಂದು ಆ ಕಟ್ಟಡದ ಧೂಳು ಕೊಡವಿದಾಗ ನಾವು ಸುದ್ದಿ ಬರೆಯುವವರು ಕೇಳಿದ್ದು ಹಾಸಿಗೆ ಎಷ್ಟು, ಆಕ್ಸಿಜನ್ ಎಷ್ಟು ಎಂದು. ಹಾಸಿಗೆ ಪಕ್ಕ ನಿಲ್ಲುವವರು ಎಷ್ಟು ಮಂದಿ ಎಂದು ನಾನಂತೂ ಕೇಳಲಿಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ಸಾಮಾನ್ಯ ಆಸ್ಪತ್ರೆಗೆ 5 ಹಾಸಿಗೆಗೆ ಒಬ್ಬ ನರ್ಸ್. ಮೂರು ಶಿಫ್ಟಿಗೆ ಹಂಚಿದರೆ ಒಬ್ಬರ ಪಾಲಿಗೆ 15 ರೋಗಿಗಳು. ಅದರಲ್ಲಿ ಐದು ಮಂದಿ ತಾವಾಗಿ ಹೊರಳಲಾರದವರು ಅಂದುಕೊಳ್ಳಿ. ಎರಡು ಗಂಟೆಗೊಮ್ಮೆ, ತಲಾ ಹತ್ತು ನಿಮಿಷ. ಎಂಟು ಗಂಟೆಯ ಶಿಫ್ಟಿನಲ್ಲಿ ಅದಕ್ಕೇ 200 ನಿಮಿಷ ಬೇಕು. ಇದು ನಿಯಮ ಪಾಲಿಸಿದಾಗಿನ ಕಥೆ. ಆ ರಾತ್ರಿ ನಾನು ಎಣಿಸಿದ್ದು 38 ತಲೆ. ಹುದ್ದೆಯ ಹೆಸರನ್ನು 'ಶುಶ್ರೂಷಣಾಧಿಕಾರಿ' ಎಂದು ಬದಲಿಸಿದ್ದಾರೆ, ಸಂತೋಷ. ಕೈ ಇನ್ನೂ ಎರಡೇ.

ಉಳಿದ ಕೆಲಸವನ್ನು ಅಳೆಯಲು ಬರುತ್ತದೆ. ಅಮೆರಿಕದ ಬಿಯಾಟ್ರಿಸ್ ಕಲಿಶ್ 2006ರಲ್ಲಿ ನರ್ಸ್‌ಗಳನ್ನೇ ಕೂರಿಸಿ ಕೇಳಿದರು: ಯಾವ ಕೆಲಸ ತಪ್ಪಿಹೋಗುತ್ತದೆ? ನಡೆದಾಡಿಸುವುದು, ಮಗ್ಗುಲು ತಿರುಗಿಸುವುದು, ಹೊತ್ತಿಗೆ ಊಟ, ಮೈ ಒರೆಸುವುದು, ಧೈರ್ಯ ಹೇಳುವುದು, ಹೀಗೆ ಒಂಬತ್ತು ಬಗೆ. 2009ರ ಹೊತ್ತಿಗೆ ಅದು 'ಮಿಸ್‌ಕೇರ್' ಎಂಬ ಪ್ರಶ್ನಾವಳಿಯಾಯಿತು. ಯುರೋಪಿನ ಒಂಬತ್ತು ದೇಶಗಳ ಮಾಹಿತಿ ಇಟ್ಟುಕೊಂಡು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಳಿದ ಕೆಲಸ ಶೇ 10 ಹೆಚ್ಚಿದ ಕಡೆ ಆಪರೇಷನ್ ಆದವರು ಸಾಯುವ ಸಂಭವ ಶೇ 16 ಹೆಚ್ಚಿತ್ತು.

"ನಮ್ಮಲ್ಲಿ ಮನೆಯವರು ಜೊತೆಗಿರ್ತಾರಲ್ರೀ" ಅನ್ನುತ್ತಾರೆ ದೊಡ್ಡವರು. ಮೋಸ ಇರುವುದೇ ಇಲ್ಲಿ. ಆ ಪ್ರಶ್ನಾವಳಿಯನ್ನು ಹಾಗೇ ತಂದು ಬಂಗಾರಪೇಟೆಯಲ್ಲಿ ಹಂಚಿದರೆ 'ಊಟ ಮಾಡಿಸಲಾಯಿತೇ' ಎಂಬುದಕ್ಕೆ ಹೌದು ಎಂದೇ ಉತ್ತರ. ಮಾಡಿಸಿದ್ದು ಕೂಲಿ ಬಿಟ್ಟು ಬಂದು ಮಂಚದ ಕೆಳಗೆ ಮಲಗಿದ ಮಗಳು. ಜೊತೆಗೆ ಯಾರೂ ಇಲ್ಲದ ಮುದುಕನ ತಟ್ಟೆ ತಣ್ಣಗಾಗಿರುತ್ತದೆ. ಆದ್ದರಿಂದ ನಮ್ಮ ಹಾಳೆಗೆ ಇನ್ನೊಂದು ಕಾಲಂ ಬೇಕು: ಮಾಡಿದವರು ಯಾರು?

ನರ್ಸ್‌ಗಳಿಗೆ ಇರುವ ಭಯ ಬೇರೆ. ಉಳಿದದ್ದನ್ನು ಬರೆದರೆ ನಾಳೆ ಬೆಳಿಗ್ಗೆ ನೋಟಿಸ್ ಬರುತ್ತದೆ. ಗುತ್ತಿಗೆಯವರಾದರೆ ಕೆಲಸವೇ ಹೋಗುತ್ತದೆ. ಆ ಭಯ ಇರುವ ತನಕ ಟಿಕ್ ಬೀಳುತ್ತಲೇ ಇರುತ್ತದೆ. ಹಾಳೆಯಲ್ಲಿ ನರ್ಸ್ ಹೆಸರು ಇರಬಾರದು. ವಾರ್ಡು, ಶಿಫ್ಟು, ರೋಗಿಗಳೆಷ್ಟು, ಡ್ಯೂಟಿಯಲ್ಲಿದ್ದವರೆಷ್ಟು, ಉಳಿದದ್ದೇನು, ಇಷ್ಟು ಸಾಕು. 2015ರಿಂದ ಕಾಯಕಲ್ಪ ಪ್ರಶಸ್ತಿಗೆಂದು ಶೌಚಾಲಯ, ಕಸದ ಬುಟ್ಟಿಗೆಲ್ಲ ಅಂಕ ಹಾಕಲು ಬಂದವರಿಗೆ ಇದು ಕಷ್ಟದ ಕೆಲಸವಲ್ಲ. ತಿಂಗಳಿಗೊಮ್ಮೆ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಲಿ, ಒಪಿಡಿ ಗೋಡೆಗೂ ಅಂಟಿಸಲಿ.

ನರ್ಸ್‌ಗಳೇ ಸಿಗುವುದಿಲ್ಲ ಅನ್ನುವವರು ಬೆಳಗಿನ ಜಾವ ಚಾಂಪಿಯನ್ ಸ್ಟೇಷನ್ನಿಗೆ ಬನ್ನಿ. ಮಾರಿಕುಪ್ಪಂ ರೈಲಿನಲ್ಲಿ ಯೂನಿಫಾರಂ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ಹೊರಟ ನಮ್ಮೂರ ಹುಡುಗಿಯರು ಸಿಗುತ್ತಾರೆ. ಇಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಎಂದು ಅವರನ್ನೇ ಕೇಳಿ.

ತಾತನ ಹುಣ್ಣಿಗೆ ಈಗ ಮನೆಯಲ್ಲಿ ಅಮ್ಮ ಡ್ರೆಸಿಂಗ್ ಮಾಡುತ್ತಾಳೆ, ದಿನಕ್ಕೆರಡು ಸಲ.