ತೊಂಬತ್ತೊಂಬತ್ತು ವರ್ಷದ ಗೇಣಿ

1765ರಲ್ಲಿ ವೇಲ್ಸ್‌ನ ಮರ್ಥರ್ ಟಿಡ್ಫಿಲ್ ಇನ್ನೂ ಒಂದು ಗುಡ್ಡಗಾಡಿನ ಹಳ್ಳಿ. ಆ ವರ್ಷ ಲಂಡನ್ನಿನ ವ್ಯಾಪಾರಿ ಆಂಥೊನಿ ಬೇಕನ್ ಮತ್ತು ಅವನ ಪಾಲುದಾರ ವಿಲಿಯಂ ಬ್ರೌನ್‌ರಿಗ್ ಅಲ್ಲಿನ ಸುಮಾರು 4000 ಎಕರೆ ಭೂಮಿಯನ್ನು, ಅದರಡಿಯ ಅದಿರು ಕಲ್ಲಿದ್ದಲುಗಳ ಸಮೇತ, 99 ವರ್ಷಕ್ಕೆ ಗೇಣಿಗೆ ಪಡೆದರು. ವರ್ಷಕ್ಕೆ 100 ಪೌಂಡು. ಎಕರೆಗೆ ಅರ್ಧ ಶಿಲ್ಲಿಂಗು! ಕವಾರ್ಥ್ವ ಕಬ್ಬಿಣದ ಕಾರ್ಖಾನೆ ಹುಟ್ಟಿದ್ದು ಈ ಕಾಗದದಿಂದ. ಇಬ್ಬರೂ ಒಪ್ಪಿ ಸಹಿ ಹಾಕಿದ ಮಾತ್ರಕ್ಕೆ ಇಂಥ ಕರಾರು ನ್ಯಾಯವಾಗುತ್ತದೆಯೇ?

ಕಾರ್ಖಾನೆಯ ಧಣಿಗಳ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ, ಅದು ಹಗುರವಾದ ವಾದವಲ್ಲ. ಭೂಮಿಯ ಒಡೆಯರಾದ ಟಾಲ್ಬಟ್ ಪ್ರಭುವಾಗಲಿ ಮೈಕೆಲ್ ರಿಚರ್ಡ್ಸ್ ಆಗಲಿ ಆ ಗುಡ್ಡಗಳಿಂದ ದೊಡ್ಡ ಆದಾಯವನ್ನೇನೂ ಕಂಡಿರಲಿಲ್ಲ. ಊದುಕುಲುಮೆ ಕಟ್ಟಲು, ಗಣಿ ತೋಡಲು, ದಾರಿ ಮಾಡಲು ಸುರಿದ ಹಣ ಹತ್ತಿಪ್ಪತ್ತು ವರ್ಷದಲ್ಲಿ ಹಿಂದಿರುಗುವಂಥದ್ದಲ್ಲ. ನಾಳೆ ಒಡೆಯ ಎಬ್ಬಿಸಿಬಿಡಬಹುದೆಂಬ ಭಯವಿದ್ದರೆ ಯಾರೂ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ. ಬೇಕನ್ ಸತ್ತ ಮೇಲೆ ಕವಾರ್ಥ್ವವನ್ನು ಕೈಗೆ ತೆಗೆದುಕೊಂಡ ಯಾರ್ಕ್‌ಷೈರಿನ ರಿಚರ್ಡ್ ಕ್ರಾಷೆ ಬರೀ ಗೇಣಿಯ ಲಾಭ ತಿಂದು ಕುಳಿತವನಲ್ಲ. ಹೆನ್ರಿ ಕೋರ್ಟ್ ರೂಪಿಸಿದ ಹೊಸ ವಿಧಾನದಿಂದ ಬೀಡುಕಬ್ಬಿಣವನ್ನು ಕಲ್ಲಿದ್ದಲ ಶಾಖದಲ್ಲೇ ಮೆದುಕಬ್ಬಿಣ ಮಾಡುವುದನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಿ ತೋರಿಸಿದ. ಮರ್ಥರ್‌ನಿಂದ ಕಾರ್ಡಿಫ್‌ವರೆಗೆ 1794ರಲ್ಲಿ ತೆರೆದ ಗ್ಲಮಾರ್ಗನ್ ಕಾಲುವೆಗೆ ಹಣ ಹೂಡಿದ. ದುಡಿಮೆಯ, ಧೈರ್ಯದ ಪಾಲನ್ನು ಅವನಿಂದ ಕಿತ್ತುಕೊಳ್ಳಲಾಗದು.

ಆದರೆ ಅವನ ಸಂಪತ್ತೆಲ್ಲ ಆ ಪಾಲಿನಿಂದಲೇ ಬಂದದ್ದೆಂದು ಒಪ್ಪಲಾರೆ. ಮರ್ಥರ್‌ನಲ್ಲಿ ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು ಒಂದರ ಪಕ್ಕ ಒಂದು ಸಿಕ್ಕುತ್ತಿದ್ದವು, ಚಕ್ರ ತಿರುಗಿಸಲು ಟಾಫ್ ನದಿಯ ನೀರಿತ್ತು. ಇದನ್ನು ಯಾವ ಧಣಿಯೂ ಮಾಡಿಟ್ಟದ್ದಲ್ಲ. ಅದರ ಬೆಲೆ ಅರಿತವರು ಗೇಣಿದಾರರು. ಬ್ರೌನ್‌ರಿಗ್ ವೈಟ್‌ಹೇವನ್ನಿನ ವೈದ್ಯ, ಕಲ್ಲಿದ್ದಲ ಗಣಿಗಳ ವಿಷಗಾಳಿಯನ್ನು ಅಭ್ಯಾಸ ಮಾಡಿದ್ದ ವಿಜ್ಞಾನಿ. ಬೇಕನ್ ಪಾರ್ಲಿಮೆಂಟಿನ ಸದಸ್ಯ, ಸರ್ಕಾರದ ಗುತ್ತಿಗೆದಾರ. ವೆಸ್ಟ್ ಇಂಡೀಸ್‌ನ ದ್ವೀಪಗಳಲ್ಲಿ ಸರ್ಕಾರದ ಕೆಲಸಕ್ಕೆ ಗುಲಾಮರನ್ನು ಒದಗಿಸುವ ಗುತ್ತಿಗೆಯೂ ಅವನದಾಗಿತ್ತು, ಮುಂದೆ ಫಿರಂಗಿ ಒದಗಿಸುವುದೂ. ಕಬ್ಬಿಣ ಯಾರಿಗೆ ಬೇಕು, ಎಷ್ಟು ಬೇಕು ಎಂಬುದು ಅವನಿಗೆ ಗೊತ್ತಿತ್ತು. ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಇಂಥಲ್ಲಿ ಮೂರು ತಲೆಮಾರಿಗೆ ಬೆಲೆ ಕಟ್ಟಿಬಿಡುವುದು ಆ ಅಜ್ಞಾನವನ್ನೇ ಶಾಸನವಾಗಿ ಕೆತ್ತಿದಂತೆ.

ಇಂಥ ಕರಾರಿನ ಇನ್ನೊಂದು ಕೇಡು ಪಕ್ಕದ ಡೌಲೈಸ್ ಕಬ್ಬಿಣದ ಕಾರ್ಖಾನೆಯಲ್ಲಿ ಬಯಲಾಯಿತು. ಅಲ್ಲಿನ 99 ವರ್ಷದ ಗೇಣಿ ಮುಗಿಯುವುದು 1848ಕ್ಕೆ. 1845ರ ಹೊತ್ತಿಗೆ ಡೌಲೈಸ್‌ನಲ್ಲಿ 18 ಊದುಕುಲುಮೆಗಳು, ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರು. ಧಣಿ ಸರ್ ಜೊಸಾಯಾ ಜಾನ್ ಗೆಸ್ಟ್, ನೆಲದ ಒಡೆಯ ಬ್ಯೂಟ್‌ನ ಮಾರ್ಕ್ವಿಸ್. ಹಳೆಯ ಗೇಣಿ ಎಷ್ಟು ಅಗ್ಗವಾಗಿತ್ತೆಂಬ ಉರಿ ಒಡೆಯನಿಗೆ. ಕಾರ್ಖಾನೆ ಕಟ್ಟಿದವರು ನಾವು ಎಂಬ ಪಟ್ಟು ಧಣಿಗೆ. ಮಾತುಕತೆ ವರ್ಷಗಟ್ಟಲೆ ಎಳೆಯಿತು. ಬಿಟ್ಟುಹೋಗಬೇಕಾದ ಜಾಗಕ್ಕೆ ಯಾರು ತಾನೆ ಹಣ ಹಾಕುತ್ತಾರೆ? ಗೆಸ್ಟ್ 1846ರಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಕ್ಯಾನ್‌ಫರ್ಡ್ ಎಂಬ ದೊಡ್ಡ ಎಸ್ಟೇಟ್ ಕೊಂಡ. ಇತ್ತ ಡೌಲೈಸ್‌ನ ಕುಲುಮೆಗಳು ಒಂದೊಂದಾಗಿ ಆರತೊಡಗಿದವು. ಮಾರ್ಕ್ವಿಸ್ 1848ರಲ್ಲಿ ತೀರಿಕೊಂಡ ಮೇಲೆ, ಅದೇ ವರ್ಷ, ಗೇಣಿ ನವೀಕರಣವಾಯಿತು. ಕೆಲಸಗಾರರ ಊರು ಹಬ್ಬ ಮಾಡಿತು. ಎರಡು ಮನೆತನಗಳ ಚೌಕಾಸಿಯಲ್ಲಿ ತಮ್ಮ ಅನ್ನ ಉಳಿಯಿತೆಂದು ಸಾವಿರಾರು ಜನ ಸಂಭ್ರಮಪಡಬೇಕಾಗಿ ಬಂದದ್ದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಸಂಗತಿ.

ಏಕೆಂದರೆ ಕರಾರಿನಲ್ಲಿ ಅವರ ಹೆಸರೇ ಇರಲಿಲ್ಲ. ಕವಾರ್ಥ್ವದಲ್ಲೂ ಅಷ್ಟೆ. ರಿಚರ್ಡ್ ಕ್ರಾಷೆಯ ಮೊಮ್ಮಗ ಎರಡನೆಯ ವಿಲಿಯಂ ಕ್ರಾಷೆ 1825ರಲ್ಲಿ ಕಾರ್ಖಾನೆಯ ಎದುರಿನ ದಿಬ್ಬದ ಮೇಲೆ ಕವಾರ್ಥ್ವ ಕೋಟೆಮನೆ ಕಟ್ಟಿಸಿದ. 1831ರಲ್ಲಿ ಕಬ್ಬಿಣದ ಬೆಲೆ ಕುಸಿದಾಗ ಅವನು ಇಳಿಸಿದ್ದು ಕೂಲಿಯನ್ನು. ಸಾಲದ ಹೊರೆಯಿಂದ ಮೊದಲೇ ಕುದಿಯುತ್ತಿದ್ದ ಊರು ದಂಗೆ ಎದ್ದಿತು. ಸೈನಿಕರ ಗುಂಡಿಗೆ ಹತ್ತಾರು ಜನ ಬಿದ್ದರು. ಡಿಕ್ ಪೆಂಡೆರಿನ್ ಎಂಬ ಕಾರ್ಮಿಕನನ್ನು ಆಗಸ್ಟ್ 13ರಂದು ಕಾರ್ಡಿಫ್‌ನಲ್ಲಿ ಗಲ್ಲಿಗೇರಿಸಿದರು. ಒಡೆಯನ ಗೇಣಿ 99 ವರ್ಷ ಅಲುಗಾಡದಂತೆ ಬರೆದಿಟ್ಟ ಧಣಿಗಳೇ ಕೂಲಿಯನ್ನು ಮಾತ್ರ ಪೇಟೆ ಧಾರಣೆಯೊಂದಿಗೆ ಏರಿಸಿ ಇಳಿಸುತ್ತಿದ್ದರು. ಅಂದರೆ ಬೆಲೆಯ ಜೊತೆ ಬದಲಾಗುವ ಕರಾರು ಅವರಿಗೆ ತಿಳಿಯದ ವಿದ್ಯೆಯೇನಾಗಿರಲಿಲ್ಲ. 1849ರಲ್ಲಿ ಕಾಲರಾ ಬಂದು ಮರ್ಥರ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಆ ನಲವತ್ತಾರು ಸಾವಿರ ಜನರ ಊರಿಗೆ ಶುದ್ಧ ಕುಡಿಯುವ ನೀರಿನ ವ್ಯವಸ್ಥೆ ಇರಲಿಲ್ಲ, ಚರಂಡಿ ಇರಲಿಲ್ಲ.

ಇಷ್ಟರಿಂದ ದೀರ್ಘ ಗೇಣಿಯೇ ಬೇಡವೆಂದು ನಾನು ಹೇಳುವುದಿಲ್ಲ. ಅವಧಿ ಉದ್ದವಿರಲಿ, ಬಂಡವಾಳಕ್ಕೆ ಭದ್ರತೆ ಬೇಕು. ದರ ಮಾತ್ರ ಕಲ್ಲಾಗಬಾರದು: ತೆಗೆದ ಪ್ರತಿ ಟನ್ನಿಗೆ, ಆ ದಿನದ ಬೆಲೆಗೆ ತಕ್ಕಂತೆ ಪಾಲು ಇರಬೇಕು. ಆ ಪಾಲಿನಲ್ಲಿ ಮೊದಲ ಭಾಗ ಸೇರಬೇಕಾದದ್ದು ದೂರದ ಅರಮನೆಯ ಮಾರ್ಕ್ವಿಸ್‌ಗೂ ಅಲ್ಲ. ಆ ನೆಲದ ಮೇಲೆ ಬದುಕಿ, ಅದರ ಹೊಗೆ ಕುಡಿಯುವ ಊರಿಗೆ, ಅದರ ನೀರಿಗೆ, ಚರಂಡಿಗೆ, ಶಾಲೆಗೆ. ಅದಿರು ಒಮ್ಮೆ ತೆಗೆದರೆ ಮತ್ತೆ ಬೆಳೆಯುವುದಿಲ್ಲ. 1765ರಲ್ಲಿ ಸಹಿ ಹಾಕಿದವರಿಗೂ ಇದು ಗೊತ್ತಿತ್ತು. ಆ ಕರಾರು ಕಾನೂನಿಗೆ ಸರಿ ಇತ್ತು, ಮರ್ಥರ್‌ನ ಜನರಿಗೆ ಅದು ಅನ್ಯಾಯವೇ.