ಈಜುಕೊಳದ ಆಮ್ಲ, ಮುಂಗಾರಿನ ನೀರು

ಮಾರ್ಚ್ ತಿಂಗಳ ಹೊತ್ತಿಗೆ ಮಲೆನಾಡಿನ ಹಳ್ಳಗಳು ಕಲ್ಲುಗಳ ಸಂದಿಗೆ ಇಳಿದಿರುತ್ತವೆ. ಹೂಮಳೆ ತಪ್ಪಿದ ವರ್ಷ ಕಾಫಿ ತೋಟಕ್ಕೆ ತುಂತುರು ನೀರು ಹಾಯಿಸಲು ಪಂಪು ಇಳಿಯುವುದೂ ಅದೇ ಹಳ್ಳಕ್ಕೆ. ಬೇಸಿಗೆ ರಜೆಯ ಅತಿಥಿಗಳು ಬರುವ ಮುನ್ನ ರೆಸಾರ್ಟು, ಹೋಂಸ್ಟೇಗಳ ಈಜುಕೊಳವನ್ನು ಖಾಲಿ ಮಾಡಿ ಮತ್ತೆ ತುಂಬಿಸುವುದೂ ಇದೇ ದಿನಗಳಲ್ಲಿ. ನೀರು ಹಸಿರಾಗಿದೆ, ಕೆಟ್ಟಿದೆ ಎಂಬುದು ಅದಕ್ಕೆ ಕೊಡುವ ಕಾರಣ. ಹಸಿರಿನ ಹಿಂದೆ ಹಲವು ಬಾರಿ ಇರುವುದು ಕಣ್ಣಿಗೆ ಕಾಣದಂತೆ ಕರಗಿ ಕುಳಿತ ಸೈಯನ್ಯೂರಿಕ್ ಆಮ್ಲ.

ಈ ಆಮ್ಲ ಶತ್ರುವೇನಲ್ಲ. ರಕ್ಷಣೆಯಿಲ್ಲದ ಕ್ಲೋರಿನ್ನಿನ ಅರ್ಧಭಾಗವನ್ನು ನಡುಹಗಲಿನ ಬಿಸಿಲು ಒಂದು ಗಂಟೆಯೊಳಗೆ ನಾಶ ಮಾಡುತ್ತದೆ. ಸೈಯನ್ಯೂರಿಕ್ ಆಮ್ಲ ಕ್ಲೋರಿನ್ನನ್ನು ಹಿಡಿದಿಟ್ಟು ಅತಿನೇರಳೆ ಕಿರಣದಿಂದ ಕಾಯುತ್ತದೆ. ಅದಕ್ಕೆ 30ರಿಂದ 50 ಪಿಪಿಎಂ ಸಾಕು. ಪ್ರಮಾಣ ನೂರು ದಾಟಿದರೆ ಹಿಡಿತ ಬಿಗಿಯಾಗಿ, ಕ್ಲೋರಿನ್ ನೀರಿನಲ್ಲಿದ್ದೂ ಕೆಲಸಕ್ಕೆ ಬಾರದಂತಾಗುತ್ತದೆ. ಪರೀಕ್ಷೆಯಲ್ಲಿ ಕ್ಲೋರಿನ್ ಕಾಣುತ್ತದೆ, ಗೋಡೆಯಲ್ಲಿ ಪಾಚಿಯೂ ಕಾಣುತ್ತದೆ. ನೋಡಿಕೊಳ್ಳುವವನು ಇನ್ನೆರಡು ಬಿಲ್ಲೆ ಹಾಕುತ್ತಾನೆ. ರೋಗ ಹೆಚ್ಚುವುದು ಅಲ್ಲೇ. ಟ್ರೈಕ್ಲೋರ್ ಬಿಲ್ಲೆ 10 ಪಿಪಿಎಂ ಕ್ಲೋರಿನ್ ಕೊಡುವಾಗ ಜೊತೆಗೆ ಸುಮಾರು 6 ಪಿಪಿಎಂ ಆಮ್ಲವನ್ನೂ ಬಿಡುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬಿಲ್ಲೆಯಿಂದಲೇ ಕೊಟ್ಟರೆ ನೂರು ದಿನಗಳಲ್ಲಿ ಆಮ್ಲ 120ಕ್ಕೆ ಮುಟ್ಟುತ್ತದೆ. ಕ್ಲೋರಿನ್ ವ್ಯಯವಾಗುತ್ತದೆ, ಆಮ್ಲ ಆವಿಯಾಗದು, ಮರಳಿನ ಸೋಸುಕದಲ್ಲಿ ನಿಲ್ಲದು.

ಆದ್ದರಿಂದ ಉಳಿಯುವ ಸುಲಭದ ದಾರಿ ಹಳೆಯ ನೀರು ತೆಗೆದು ಹೊಸದನ್ನು ಸೇರಿಸುವುದು. ಒಂದು ಲಕ್ಷ ಲೀಟರಿನ ಕೊಳದಲ್ಲಿ 120 ಪಿಪಿಎಂ ಅನ್ನು 40ಕ್ಕೆ ಇಳಿಸಲು ಮೂರನೇ ಎರಡು ಪಾಲು, ಅಂದರೆ ಸುಮಾರು 67,000 ಲೀಟರ್ ಹೊರಚೆಲ್ಲಿ ಅಷ್ಟೇ ತುಂಬಬೇಕು. ಒಂದು ಕಡೆಯಿಂದ ನೀರು ಬಿಡುತ್ತಾ ಇನ್ನೊಂದು ಕಡೆಯಿಂದ ಉಕ್ಕಿ ಹರಿಯಲು ಬಿಟ್ಟರೆ ಹೊಸ ನೀರೂ ಹಳೆಯದರೊಡನೆ ಹೊರಗೆ ಹೋಗುವುದರಿಂದ ಸುಮಾರು 1,10,000 ಲೀಟರ್ ಬೇಕಾಗುತ್ತದೆ. ಬೇಸಿಗೆಯಲ್ಲಿ ಈ ಎರಡೂ ಲೆಕ್ಕಗಳು ಕೆಳಗಿನ ಮನೆಗಳ ಪಾಲಿನಿಂದಲೇ ಸಲ್ಲಬೇಕು. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ನಗರದಲ್ಲಿ ನೀರಿಗೆ ಮೀಟರಾದರೂ ಇದೆ. ಹಳ್ಳಕ್ಕೆ ಇಳಿಸಿದ ಪೈಪಿಗೆ ಏನಿದೆ?

ಹೊರಬಿಟ್ಟ ನೀರಿನ ಪ್ರಶ್ನೆ ಇನ್ನೂ ಕಠಿಣ. ಆಮ್ಲ ಅಷ್ಟು ವಿಷಕಾರಿಯಲ್ಲ. ಮೆಕ್ಕೆಜೋಳದ ಹೊಲಕ್ಕೆ ಸಿಂಪಡಿಸುವ ಅಟ್ರಜಿನ್ ಕಳೆನಾಶಕ ಶಿಥಿಲವಾಗುವಾಗಲೂ ಇದೇ ಆಮ್ಲ ಹುಟ್ಟುತ್ತದೆ, ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತವೆ. ಅಪಾಯ ಇರುವುದು ಉಳಿದ ಕ್ಲೋರಿನ್ನಿನಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಸಿಹಿನೀರಿನ ಜೀವಿಗಳಿಗೆ ದೀರ್ಘಕಾಲದ ಮಿತಿಯಾಗಿ ಇಟ್ಟಿರುವುದು ಲೀಟರಿಗೆ 0.011 ಮಿಲಿಗ್ರಾಂ. ಈಜುಕೊಳದಲ್ಲಿ ಇರುವುದು ಅದರ ನೂರಾರು ಪಟ್ಟು. ಬತ್ತುತ್ತಿರುವ ಮಡುವಿನಲ್ಲಿ ಗುಂಪುಗೂಡಿದ ಮೀನುಮರಿಗಳಿಗೆ ತಪ್ಪಿಸಿಕೊಳ್ಳಲು ಜಾಗವೆಲ್ಲಿ? ಆಮ್ಲ ಹೆಚ್ಚಿದ ನೀರಿನಲ್ಲಿ ಕ್ಲೋರಿನ್ ಬಿಸಿಲಿಗೂ ಬೇಗ ಕರಗದು. ಬಿಲ್ಲೆ ಹಾಕುವುದನ್ನು ನಿಲ್ಲಿಸಿ, ಪರೀಕ್ಷೆಯಲ್ಲಿ ಕ್ಲೋರಿನ್ ಕಾಣದಾಗುವವರೆಗೆ ಕಾದೇ ನೀರು ಬಿಡಬೇಕು. ಅದೂ ಹಳ್ಳಕ್ಕಲ್ಲ, ಇಳಿಜಾರಿಲ್ಲದ ಹುಲ್ಲುನೆಲಕ್ಕೆ.

ಮಲೆನಾಡಿಗೆ ಬೇರೊಂದು ಅನುಕೂಲವಿದೆ. ಮಡಿಕೇರಿಯಲ್ಲಿ ವರ್ಷಕ್ಕೆ 3 ಮೀಟರಿಗೂ ಮಿಕ್ಕಿ ಮಳೆ. ಆಗುಂಬೆಯಲ್ಲಿ ಅದು 7 ಮೀಟರ್ ದಾಟುತ್ತದೆ. ಸರಾಸರಿ 1.2 ಮೀಟರ್ ಆಳದ ತೆರೆದ ಕೊಳ ತುಂಬಿದ್ದು, ಪಂಪು ನೀರನ್ನು ಕಲಕುತ್ತಿದ್ದರೆ, ಮೇಲೆ ಬಿದ್ದ 1.3 ಮೀಟರ್ ಮಳೆಯೇ ಆಮ್ಲವನ್ನು ಮೂರನೇ ಒಂದಕ್ಕೆ ಇಳಿಸಬಲ್ಲದು. ಆರಿದ್ರೆಯಿಂದ ಪುಷ್ಯದವರೆಗೆ ಕಾದರೆ ಮಡಿಕೇರಿಯಂಥ ಊರಿನಲ್ಲಿ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ. ಪಂಪು ನಿಂತಿದ್ದರೆ ಮಳೆನೀರು ಮೇಲ್ಪದರದಲ್ಲೇ ಸರಿದುಹೋಗಿ ಲಾಭವಾಗದು. ಮಳೆ ಕಡಿಮೆಯಿರುವ ಕಡೆ ಸೂರಿನ ನೀರನ್ನು ಸೋಸಿ ಸೇರಿಸಬಹುದು: 100 ಚದರ ಮೀಟರ್ ಮಾಡಿನ ಮೇಲೆ ಒಂದು ಮೀಟರ್ ಮಳೆ ಸುರಿದರೆ ಅದೇ ಒಂದು ಲಕ್ಷ ಲೀಟರ್.

ಮಳೆಗಾಲದಲ್ಲಿ ಕೊಳವನ್ನು ಖಾಲಿ ಮಾಡುವ ಸಾಹಸ ಮಾತ್ರ ಸಲ್ಲದು. ನೆನೆದ ನೆಲದ ಜಲಒತ್ತಡ ಬರಿದಾದ ತೊಟ್ಟಿಯನ್ನು ಬಿರಿಯಬಲ್ಲದು, ಮೇಲೆತ್ತಲೂಬಲ್ಲದು. ಉಕ್ಕಿದ ನೀರು ಕಲ್ಲು ಕಟ್ಟಿದ ಚರಂಡಿಯಲ್ಲೇ ಇಳಿಯಬೇಕು. ಕಡಿದಾದ ಗುಡ್ಡದ ಬದಿಗೆ ಬಿಟ್ಟ ನೀರು ಏನು ಮಾಡಬಲ್ಲದೆಂದು 2018ರ ಆಗಸ್ಟ್ ನಂತರ ಕೊಡಗಿಗೆ ಯಾರೂ ಹೇಳಬೇಕಾಗಿಲ್ಲ. ಮಳೆನೀರು ಮೃದುವಾದ್ದರಿಂದ ಕ್ಷಾರತೆ ಕುಗ್ಗಿ ಗಿಲಾವು ಸವೆಯದಂತೆ ಅಡುಗೆ ಸೋಡಾ ಸೇರಿಸಿಕೊಳ್ಳಬೇಕಾಗುತ್ತದೆ.

ಮಳೆ ನಿಂತ ಮೇಲೆ ಮತ್ತೆ ಟ್ರೈಕ್ಲೋರ್ ಡಬ್ಬಿಯನ್ನೇ ತೆರೆದರೆ ಮಾರ್ಚ್‌ಗೆ ಅದೇ ಕಥೆ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯಲ್ಲಾಗಲಿ, ದ್ರವರೂಪದ ಹೈಪೋಕ್ಲೋರೈಟಿನಲ್ಲಾಗಲಿ ಈ ಆಮ್ಲವಿಲ್ಲ. ಪ್ರತಿದಿನ ಅಳೆದು ಹಾಕುವ ಶ್ರಮವಿದೆ, ನಿಜ. ಬಿಲ್ಲೆಯೇ ಬೇಕೆನ್ನುವವರು ತಿಂಗಳಿಗೊಮ್ಮೆಯಾದರೂ ಆಮ್ಲವನ್ನು ಅಳೆಯಲಿ. ಮೆಲಮಿನ್ ದ್ರಾವಣ ಬೆರೆಸಿದ ನೀರು ಹಾಲಿನಂತೆ ಕದಡುತ್ತದೆ, ಕೊಳವೆಯ ತಳದ ಕಪ್ಪು ಚುಕ್ಕೆ ಮರೆಯಾಗುವ ಗೆರೆಯಲ್ಲಿ ಅಂಕಿ ಸಿಗುತ್ತದೆ.