ಪಿಗ್ಮಿ ಕಟ್ಟಿದ ನಾಡಿಗೆ ನಾಸ್ಡಾಕ್ ಪಾಠ ಇಂಗ್ಲಿಷಿನಲ್ಲೇಕೆ?

ಬಿ.ಸಿ.ರೋಡಿನಲ್ಲಿ, ಬೆಳ್ತಂಗಡಿಯ ಪೇಟೆಯಲ್ಲಿ, ಮೂಡುಬಿದಿರೆಯ ಕಾಲೇಜುಗಳ ಎದುರು ಈಗ ಹೊಸ ಮಂತ್ರವೊಂದು ಕೇಳಿಬರುತ್ತಿದೆ. "ತಿಂಗಳಿಗೆ ಸಾವಿರ ರೂಪಾಯಿ ನಾಸ್ಡಾಕಿಗೆ ಹಾಕಿ, ಅಮೆರಿಕದ ಕಂಪನಿಗಳಿಗೆ ಒಡೆಯರಾಗಿ!" ಒಡೆಯರಾಗೋಣ, ಬೇಡವೆಂದವರು ಯಾರು? ಆದರೆ ಒಡೆತನದ ಪತ್ರವನ್ನು ಒಡೆಯನೇ ಓದಲಾರದಿದ್ದರೆ ಅದೆಂಥ ಒಡೆತನ?

ಕನ್ನಡಿಗರೇ, ಹಣದ ವ್ಯವಹಾರ ಈ ಮಣ್ಣಿಗೆ ಹೊಸತಲ್ಲ. ಹೆಸರಿನಲ್ಲೇ ಹಳೆಯ ಬಂಟ್ವಾಳ ತಾಲೂಕಿನ ಅಮ್ಮೆಂಬಳವನ್ನು ಹೊತ್ತ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ನಿಧಿಯೇ ಇಂದಿನ ಕೆನರಾ ಬ್ಯಾಂಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸುವವನ ಮನೆ ಬಾಗಿಲಿಗೇ ಬ್ಯಾಂಕು ಬಂತು. ಬಂದವನು ನಮ್ಮವನೇ, ಆಡಿದ್ದು ತುಳು, ಕೊಂಕಣಿ, ಕನ್ನಡ. ತನ್ನ ದುಡ್ಡು ಎಲ್ಲಿದೆ, ಎಷ್ಟಿದೆ ಎಂಬುದು ಬೀಡಿ ಕಟ್ಟುವ ತಾಯಿಗೂ ಗೊತ್ತಿತ್ತು. ಇಂದಿನ 'ಎಸ್ಐಪಿ' ಅದೇ ಪಿಗ್ಮಿಯ ಮೊಮ್ಮಗ. ಆದರೆ ಅಜ್ಜನ ಭಾಷೆಯನ್ನು ಈ ಮೊಮ್ಮಗ ಮರೆತಿದ್ದಾನೆ!

ಏನಿದು ನಾಸ್ಡಾಕ್?

ನಾಸ್ಡಾಕ್-100 ಸೂಚ್ಯಂಕ ಹುಟ್ಟಿದ್ದು 1985ರ ಜನವರಿ 31ರಂದು. ನಾಸ್ಡಾಕ್ ಪೇಟೆಯ ದೊಡ್ಡ ನೂರು ಕಂಪನಿಗಳ ಪಟ್ಟಿ ಇದು. ಬ್ಯಾಂಕು, ವಿಮೆಯಂಥ ಹಣಕಾಸು ಕಂಪನಿಗಳಿಗೆ ಇದರಲ್ಲಿ ಪ್ರವೇಶವೇ ಇಲ್ಲ. ಬ್ಯಾಂಕುಗಳ ತವರೂರಿನ ದುಡ್ಡು ಬ್ಯಾಂಕುಗಳಿಗೆ ಜಾಗವಿಲ್ಲದ ಪಟ್ಟಿಗೆ ಹೋಗುತ್ತಿದೆ! ನಮ್ಮ ಬೆಂಗಳೂರಿನ ಇನ್ಫೋಸಿಸ್ 1999ರಲ್ಲಿ ನಾಸ್ಡಾಕ್ ಪೇಟೆ ಹತ್ತಿತು, 2006ರಲ್ಲಿ ಈ ಸೂಚ್ಯಂಕಕ್ಕೂ ಸೇರಿತು. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋದದ್ದರಿಂದ ಇದರಿಂದ ಹೊರಬಿತ್ತು. ಸೂಚ್ಯಂಕ ಕಲ್ಲಿನ ಕಂಬವಲ್ಲ, ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ.

ಲಾಭ ಬಂದಿಲ್ಲವೇ? ಬಂದಿದೆ, ಮುಚ್ಚಿಡುವುದಿಲ್ಲ. 2023 ಒಂದೇ ವರ್ಷದಲ್ಲಿ ಈ ಸೂಚ್ಯಂಕ ಸುಮಾರು ಶೇ. 54 ಏರಿತು. ಏಜೆಂಟರು ಹೇಳುವುದು ಇಷ್ಟೇ. ಅದರ ಹಿಂದಿನ ವರ್ಷ, 2022ರಲ್ಲಿ, ಸುಮಾರು ಶೇ. 33 ಇಳಿದಿತ್ತಲ್ಲ, ಅದನ್ನು ಹೇಳುವವರು ಯಾರು? ನೂರು ರೂಪಾಯಿ ಮೊದಲು 67 ಆಯಿತು, ಆಮೇಲೆ 103. ಎರಡು ವರ್ಷದ ಗಳಿಕೆ ಬರೀ ಮೂರು ರೂಪಾಯಿ!

ಇನ್ನೂ ಹಿಂದೆ ಹೋಗಿ. 2000ದ ಮಾರ್ಚ್ 10ರಂದು ನಾಸ್ಡಾಕ್ ಪೇಟೆಯ ಒಟ್ಟು ಸೂಚ್ಯಂಕ 5,048ರಲ್ಲಿತ್ತು. 2002ರ ಅಕ್ಟೋಬರ್ 9ರಂದು ಅದು 1,114! ಲಕ್ಷ ರೂಪಾಯಿ ಇಟ್ಟವನಲ್ಲಿ ಉಳಿದದ್ದು 22 ಸಾವಿರ. ಹಳೆಯ ಮಟ್ಟ ಮತ್ತೆ ಮುಟ್ಟಿದ್ದು 2015ರ ಏಪ್ರಿಲ್‌ನಲ್ಲಿ. ಹದಿನೈದು ವರ್ಷ! ಒಂದನೇ ತರಗತಿಗೆ ಸೇರಿದ ಮಗಳು ಡಿಗ್ರಿ ಮುಗಿಸುವಷ್ಟು ಕಾಲ. ಅವಳ ಓದಿಗೆಂದೇ ಇಟ್ಟ ಹಣವಾಗಿದ್ದರೆ?

ಅಡಿಕೆ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ತೋಟದಲ್ಲಿ ಮರ ನೂರಿದ್ದರೂ ಕೊಳೆರೋಗ ಬಂದರೆ ಎಲ್ಲಕ್ಕೂ ಬರುತ್ತದೆ. ಇಲ್ಲಿಯೂ ಹೆಸರಿಗೆ ನೂರು ಕಂಪನಿ, ತೂಕವೆಲ್ಲ ಮೈಕ್ರೋಸಾಫ್ಟ್, ಆಪಲ್, ಎನ್‌ವಿಡಿಯಾದಂಥ ಕೆಲವರದ್ದು. ಆ ತೂಕ ಮಿತಿ ಮೀರಿತೆಂದು 2023ರ ಜುಲೈನಲ್ಲಿ ಸೂಚ್ಯಂಕ ನಡೆಸುವವರೇ ಲೆಕ್ಕವನ್ನು ವಿಶೇಷವಾಗಿ ಸರಿಪಡಿಸಬೇಕಾಯಿತು.

ಇನ್ನೊಂದು ಮಾತು. ನಮ್ಮ ಮ್ಯೂಚುವಲ್ ಫಂಡುಗಳೆಲ್ಲ ಸೇರಿ ವಿದೇಶಿ ಷೇರುಗಳಲ್ಲಿ ಹೂಡಲು 700 ಕೋಟಿ ಡಾಲರಿನ ಮಿತಿ ಇತ್ತು. ಅದು ತುಂಬುತ್ತಾ ಬಂತೆಂದು 2022ರ ಫೆಬ್ರವರಿಯಲ್ಲಿ ಅನೇಕ ಫಂಡುಗಳು ಹೊಸ ಹಣಕ್ಕೆ ಬಾಗಿಲು ಹಾಕಿದವು. ಹೊಸ ಘಟಕ ಹುಟ್ಟದೆ ಬೇಡಿಕೆ ಮಾತ್ರ ಏರಿದರೆ, ಷೇರುಪೇಟೆಯಲ್ಲಿ ಮಾರಾಟವಾಗುವ ಇಟಿಎಫ್‌ಗೆ ಅದರೊಳಗಿನ ಆಸ್ತಿಗಿಂತ ಹೆಚ್ಚು ಬೆಲೆ ತೆರಬೇಕಾಗುತ್ತದೆ. ಹತ್ತು ರೂಪಾಯಿಯ ತೆಂಗಿನಕಾಯಿಗೆ ಹನ್ನೊಂದು ಕೊಟ್ಟ ಹಾಗೆ. ಕೊಳ್ಳುವವನಿಗೆ ಇದನ್ನು ಅವನ ಭಾಷೆಯಲ್ಲಿ ಬಿಡಿಸಿ ಹೇಳಿದವರುಂಟೇ?

ಎಚ್ಚರಿಕೆ ಯಾರಿಗೆ?

ಪ್ರತಿ ಫಂಡಿಗೂ ಅಪಾಯ ತೋರಿಸುವ ಆರು ಹಂತಗಳ ಮಾಪಕವಿದೆ. ನಾಸ್ಡಾಕ್ ಫಂಡುಗಳ ಮುಳ್ಳು ನಿಲ್ಲುವುದು ಕೊನೆಯ ಹಂತದಲ್ಲಿ, ಅಂದರೆ 'ಅತಿ ಹೆಚ್ಚು ಅಪಾಯ'. ಆದರೆ ಸಹಿಗೆಂದು ಮುಂದಿಡುವ ಕಾಗದದಲ್ಲಿ ಆ ಮಾತು ಇರುವುದು ಇಂಗ್ಲಿಷಿನಲ್ಲಿ! ಜಾಹೀರಾತು ಮಾತ್ರ ಸೊಗಸಾದ ಕನ್ನಡದಲ್ಲಿ. ಆಸೆ ಹುಟ್ಟಿಸಲು ಕನ್ನಡ, ಎಚ್ಚರಿಸಲು ಇಂಗ್ಲಿಷು; ದುಡ್ಡು ಕೇಳಲು ಕನ್ನಡ, ಕೈತೊಳೆದುಕೊಳ್ಳಲು ಇಂಗ್ಲಿಷು. ಇದು ವ್ಯಾಪಾರವೋ, ವಂಚನೆಯೋ?

ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಹೆಸರು ಕಳೆದುಕೊಂಡವು. ನಾವು ಕಟ್ಟಿದ್ದು ಹೋಯಿತು. ನಾವು ಉಳಿಸಿದ್ದಾದರೂ ನಮಗೆ ತಿಳಿಯುವ ಮಾತಿನಲ್ಲಿ ಇರಬೇಡವೇ?

ನಮ್ಮ ಹಕ್ಕೊತ್ತಾಯ ಇಷ್ಟು:

1. ಕರ್ನಾಟಕದಲ್ಲಿ ಮಾರುವ ಪ್ರತಿ ಫಂಡಿನ ಅರ್ಜಿ, ಮುಖ್ಯ ಮಾಹಿತಿ ಪತ್ರ ಮತ್ತು ಅಪಾಯ ಮಾಪಕ ಕನ್ನಡದಲ್ಲಿರಬೇಕು. ಇದನ್ನು ಸೆಬಿ ಕಡ್ಡಾಯ ಮಾಡಬೇಕು.
2. ಏರಿದ ಲೆಕ್ಕ ಹೇಳುವವರು ಇಳಿದ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡಬೇಕು.
3. ಕನ್ನಡದಲ್ಲಿ ಬರೆದ ದೂರಿಗೆ ಕನ್ನಡದಲ್ಲೇ ಉತ್ತರ ಬರಬೇಕು.

ಅಲ್ಲಿಯವರೆಗೆ, ಬಂಧುಗಳೇ, ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ. ಮದುವೆಗೆ, ಓದಿಗೆ, ಆಸ್ಪತ್ರೆಗೆಂದು ಇಟ್ಟ ದುಡ್ಡನ್ನು ಅಲ್ಲಿ ಹಾಕಬೇಡಿ. ಹತ್ತು ಹದಿನೈದು ವರ್ಷ ಮರೆತುಬಿಡಬಲ್ಲ ದುಡ್ಡಿದ್ದರೆ ಅದು ನಿಮ್ಮಿಷ್ಟ. ಆಗಲೂ ಏಜೆಂಟರಿಗೆ ಮೊದಲು ಒಂದು ಮಾತು ಹೇಳಿ: "ಸ್ವಾಮೀ, ಇದನ್ನು ಕನ್ನಡದಲ್ಲಿ ಬರೆದು ತನ್ನಿ. ಆಮೇಲೆ ದುಡ್ಡಿನ ಮಾತು!"